ಪಿಸುಮಾತು ಕಲಿತ ಅಪ್ಪ

“ಉಪ್ಪು ಕೊಡು,” ಎಂದು ಅಪ್ಪ ಪಿಸುಗುಟ್ಟಿದ.

“ನಮ್ಮನೇಲಿದೆ, ಬೇಕಾ?” ಎಂದು ಗೋಡೆಯಾಚೆಯಿಂದ ಪಕ್ಕದ ಮನೆಯ ಅಜ್ಜಿ ಕೇಳಿದರು.

ಅಮ್ಮ ನಕ್ಕಳು. ಮಗಳು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಐದನೇ ಕ್ಲಾಸಿನ ಅವಳಿಗೆ ಮನೆಯಲ್ಲಿ ಮೊಂಡಿ ಎಂದೇ ಹೆಸರು. ಹಿಡಿದ ಹಠ ಬಿಟ್ಟವಳಲ್ಲ.

ಅಪ್ಪ ತಳ್ಳುಗಾಡಿಯಲ್ಲಿ ಟೊಮೇಟೊ ಮಾರುವವನು. ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಮೂರನೇ ಮಹಡಿಯಲ್ಲಿ ಕಿಟಕಿ ತೆರೆಯುತ್ತಿತ್ತು. ಆ ಗಂಟಲಿನಿಂದಲೇ ಮನೆಯ ಒಲೆ ಉರಿಯುತ್ತಿತ್ತು.

ಬರುವ ಭಾನುವಾರ ಅವಳ ಕ್ಲಾಸಿನವರೆಲ್ಲ ಪಕ್ಷಿಧಾಮಕ್ಕೆ ಹೊರಡುವವರಿದ್ದರು. ಅಲ್ಲಿ ಜೌಗುನೆಲ, ಆಳೆತ್ತರದ ಹುಲ್ಲು, ಹುಲ್ಲಿನೊಳಗೆ ಗೂಡುಗಳು. ಪ್ರತಿಯೊಬ್ಬರೂ ಮನೆಯಿಂದ ಒಬ್ಬ ದೊಡ್ಡವರನ್ನು ಕರೆತರಬೇಕು, ಆದರೆ ಯಾರೂ ದನಿ ಎತ್ತಬಾರದು, ಬೆದರಿದ ಹಕ್ಕಿ ಮೊಟ್ಟೆ ಬಿಟ್ಟು ಹಾರಿಹೋಗುತ್ತದೆ ಎಂದು ಮಿಸ್ ಹೇಳಿದ್ದರು. ಕೇಳಿದ್ದೇ ತಡ, ಅಪ್ಪ ತಾನೇ ಬರುತ್ತೇನೆಂದು ಕುಣಿದಿದ್ದ.

“ನಿಮ್ಮಪ್ಪ ಬಂದ್ರೆ ಹಕ್ಕಿಗಳೆಲ್ಲ ಊರು ಬಿಡ್ತವೆ ಕಣೇ,” ಅಂದಳು ಪಕ್ಕದ ಬೆಂಚಿನವಳು. ಇಡೀ ಕ್ಲಾಸು ನಕ್ಕಿತು. ನಗುವವರಿಗೇನು, ಹಲ್ಲು ಸವೆಯುತ್ತದೆಯೇ?

ಅವತ್ತೇ ಮೊಂಡಿ ಮಿಸ್ ಹತ್ತಿರ ಹೋಗಿ, ಅಪ್ಪನಿಗೆ ಬಿಡುವಿಲ್ಲ, ಮಾವ ಬರುತ್ತಾರೆ ಅಂದುಬಿಟ್ಟಿದ್ದಳು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಅಪ್ಪನೋ, ದಿನವೂ ಪಿಸುಮಾತು ಕಲಿಯುತ್ತಿದ್ದ.

ಶನಿವಾರ ಮಧ್ಯಾಹ್ನ ಅಪ್ಪ ಹೊತ್ತಿಗೆ ಮುಂಚೆಯೇ ಬಂದ. ಟೊಮೇಟೊ ಬೆಳಗ್ಗೆ ಪೇರಿಸಿದ ಹಾಗೆಯೇ ಇತ್ತು. ಅಮ್ಮ ಗಾಬರಿಯಾಗಿ, ಹುಷಾರಿಲ್ಲವೇ ಎಂದು ಕೇಳಿದಳು.

“ಹುಷಾರಾಗೇ ಇದೀನಿ.” ಅಪ್ಪನ ದನಿ ಈ ಸಲ ನಿಜವಾಗಿಯೂ ಗೋಡೆ ದಾಟಲಿಲ್ಲ. “ಮನೇಲಿ ಕಲ್ತು ಬೀದೀಲಿ ಕೂಗಿದ್ರೆ ಕಲ್ತಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ಇವತ್ತು ಬೀದೀಲೂ ಮೆತ್ತಗೇ ಕೂಗ್ದೆ.”

“ಮೆತ್ತಗೆ ಕೂಗಿದ್ರೆ ಯಾರು ಬರ್ತಾರೆ?”

“ಒಂದು ಬೆಕ್ಕು ಬಂದಿತ್ತು.”

ಅಮ್ಮ ಹಣೆ ಚಚ್ಚಿಕೊಂಡಳು. ಮೊಂಡಿ ಒಂದು ಹಣ್ಣು ಮುಟ್ಟಿ ನೋಡಿದಳು. ಬಿಸಿಲಿಗೆ ಮೆತ್ತಗಾಗಿತ್ತು. ನಾಳೆಗೆ ಉಳಿಯುವಂತಿರಲಿಲ್ಲ.

ಅವಳು ಅಮ್ಮನ ಫೋನು ಹಿಡಿದು ಮೂಲೆಗೆ ಹೋದಳು.

“ಮಿಸ್, ಮಾವ ಅಲ್ಲ, ಅಪ್ಪಾನೇ ಬರ್ತಾರೆ. ಬಿಡುವಿಲ್ಲ ಅಂದಿದ್ದು ಸುಳ್ಳು.”

ಪಿಸುಗುಟ್ಟಿದೆ ಅಂತಲೇ ಅವಳು ತಿಳಿದಿದ್ದಳು. ತಿರುಗಿ ನೋಡಿದರೆ, ಟೊಮೇಟೊ ಒರೆಸುತ್ತಿದ್ದ ಅಪ್ಪನ ಕೈ ನಿಂತುಹೋಗಿತ್ತು. ಆಮೇಲೆ ಒರೆಸಿದ ಹಣ್ಣನ್ನೇ ಮತ್ತೆ ಒರೆಸಿದ.

“ನಡಿ ಅಪ್ಪಾ,” ಎಂದು ಮೊಂಡಿ ಗಾಡಿಗೆ ಕೈ ಹಚ್ಚಿದಳು. “ನಿನ್ನ ಪಿಸುಮಾತು ನಾಳೆಗಿರ್ಲಿ, ಇವತ್ತು ನಾನು ಕೂಗ್ತೀನಿ.”

ಬೀದಿಯ ತುದಿಯಲ್ಲಿ ಅವಳು ಉಸಿರು ತುಂಬಿಕೊಂಡು ಕೂಗಿದಳು. “ಟೊಮೇಟೋ...”

ಅಪ್ಪನದೇ ಗಂಟಲು. ಆ ತುದಿಯ ಮೂರನೇ ಮಹಡಿಯಲ್ಲಿ ಕಿಟಕಿ ತೆರೆಯಿತು. ಅಲ್ಲಿ ನಿಂತಿದ್ದವಳು ಪಕ್ಕದ ಬೆಂಚಿನವಳು.

ಅಪ್ಪ ತುಟಿ ಬಿಗಿಹಿಡಿದುಕೊಂಡೇ ತಕ್ಕಡಿ ಎತ್ತಿದ. ಮೊಂಡಿ ತಲೆ ತಗ್ಗಿಸಲಿಲ್ಲ. ಇನ್ನೊಂದು ಸಲ ಉಸಿರೆಳೆದುಕೊಂಡಳು.