ಟೋಕಿಯೊದ ಕರಪತ್ರದಲ್ಲಿ ಒಂದು ಜೋಡಿ

ಟೋಕಿಯೊದಿಂದ ಬಂದ ಲಕೋಟೆ ಒಡೆದೆ. ಬಣ್ಣದ ಕರಪತ್ರ. ಮುಖಪುಟದಲ್ಲಿ ಬಾದಾಮಿಯ ಮೇಣಬಸದಿ ಗುಹೆಗಳ ಮೆಟ್ಟಿಲು, ಮೆಟ್ಟಿಲ ಮೇಲೆ ನಾನು, ನನ್ನ ಪಕ್ಕ ಇಳಕಲ್ಲ ಸೀರೆಯುಟ್ಟ ಶಿವಬಸವ್ವ. ಕೆಳಗೆ ಜಪಾನಿ ಅಕ್ಷರ. ಪುಣ್ಯಾತ್ಮರು ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬೇರೆ ಬರೆದು ಕಳಿಸಿದ್ದರು: 'ಗೈಡ್ ಅಮಾತೆಪ್ಪ ಮತ್ತು ಅವರ ಹೆಂಡತಿ ನಿಮ್ಮ ಹಾದಿ ಕಾಯುತ್ತಿದ್ದಾರೆ.'

ಹೆಂಡತಿ! ಆ ಹುಡುಗಿಯ ಜೊತೆ ನಾನಿನ್ನೂ ನೆಟ್ಟಗೆ ನಾಲ್ಕು ಮಾತು ಆಡಿರಲಿಲ್ಲ.

೧೯೮೩ರ ಮಾತಿದು. ಬಾದಾಮಿಗೆ ಜಪಾನಿನವರನ್ನು ಕರೆತರಬೇಕೆಂಬುದು ನಮ್ಮ ಲಾಡ್ಜಿನ ಮಾಲೀಕರ ಹುಚ್ಚು. ಅದಕ್ಕೆಂದೇ ವರಾಂಡದಲ್ಲಿ ಮಗ್ಗ ಹಾಕಿಸಿ, ಇಳಕಲ್ಲಿನಿಂದ ನೇಕಾರ ಈರಪ್ಪನನ್ನೂ ಅವನ ಮಗಳು ಶಿವಬಸವ್ವನನ್ನೂ ಕರೆಸಿದ್ದರು. ಜನವರಿಯಲ್ಲಿ ಟ್ರಾವೆಲ್ ಕಂಪನಿಯ ಇಬ್ಬರು ಬಂದು ಊರು ನೋಡಿದರು. "ಬರೀ ಕಲ್ಲು ತೋರಿಸಿದರೆ ನಮ್ಮ ಜನ ಇಷ್ಟು ದೂರ ಬರುವುದಿಲ್ಲ. ಇಲ್ಲಿಯದೇ ಒಂದು ಜೋಡಿ ಬೇಕು" ಎಂದರು. ಅವಳನ್ನು ನನ್ನ ಪಕ್ಕ ನಿಲ್ಲಿಸಿ, "ಇವರು ನಿಮ್ಮ ಹೆಂಡತಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲ ಎಂದರೆ ಕ್ಯಾಮೆರಾ ಮುಚ್ಚುತ್ತಾರೆಂದು ಹೆದರಿ ತಲೆಯಾಡಿಸಿದೆ. ಇಂಗ್ಲಿಷ್ ಬಾರದ ಅವಳು ಸೆರಗಿನ ಮರೆಯಿಂದ ನನ್ನನ್ನೊಮ್ಮೆ ನೋಡಿ ನಕ್ಕಳು.

"ಫೋಟೋ ಬಂತೇನ್ರಿ?"

ಬಾಗಿಲಲ್ಲಿ ಅವಳೇ! ಲಕೋಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ನಾ ಏನ್ ಮಂಗ್ಯಾ ಏನ್ರಿ, ಕಸಗೊಂಡು ಓಡಾಕ? ಕೊಡ್ರಿ ಇಲ್ಲಿ."

ನೋಡಿ ಕಣ್ಣರಳಿಸಿದಳು. "ಭಾಳ ಚಂದ ಬಂದೈತ್ರಿ. ಕೆಳಗ ಏನ್ ಬರದಾರ?"

ಸುಳ್ಳು ಹೇಳಬಹುದಿತ್ತು. ಆದರೆ ದೀಪಾವಳಿ ಮುಗಿದೊಡನೆ ಹದಿನೆಂಟು ಜನ ಬರುವವರಿದ್ದರು, ಈ ಗಂಡಹೆಂಡತಿಯ ಜೊತೆ ಊಟವೂ ಅವರ ಕಾರ್ಯಕ್ರಮದಲ್ಲಿತ್ತು. ನನ್ನ ಕೆಲಸ ಹೋದರೆ ಹೋಗಲಿ. ಅವಳ ಹೆಸರು ಕೆಟ್ಟರೆ ಈರಪ್ಪ ಮರುದಿನವೇ ಮಗಳನ್ನು ಇಳಕಲ್ಲಿಗೆ ಕರೆದೊಯ್ಯುತ್ತಿದ್ದ, ನಾನು ಮತ್ತೆಂದೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳ ಮುಖ ಬಿಳಿಚಿಕೊಂಡಿತು. "ನಮ್ಮಪ್ಪ ನನ್ನ ಜೀವಂತ ಬಿಡಂಗಿಲ್ರಿ."

"ತಪ್ಪಾತು. ಇವತ್ತ ಕಂಪನಿಗೆ ಕಾಗದ ಬರದು ಖರೆ ಹೇಳ್ತೇನಿ."

"ಏನಂತ?"

"ನೀ ನನ್ನ ಹೆಂಡ್ತಿ ಅಲ್ಲಂತ."

ಅವಳು ತಲೆ ತಗ್ಗಿಸಿದಳು. ಕರಪತ್ರದ ಫೋಟೋ ಮೇಲೆ ಬೆರಳಾಡಿಸಿದಳು. "ಅಂದ್ರ ಇದು ಅಷ್ಟೂ ಸುಳ್ಳೇನ್ರಿ?"

"ನನ್ನ ಮನಸಿನ್ಯಾಗಿಂದು ಸುಳ್ಳಲ್ಲ" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು.

"ದೀಪಾವಳಿಗೆ ಇನ್ನೂ ಎರಡು ತಿಂಗಳ ಐತಿ. ಕಾಗದ ಬ್ಯಾಡ್ರಿ. ಅಪ್ಪನ್ನ ಕೇಳ್ರಿ."

ವರಾಂಡದಲ್ಲಿ ಮಗ್ಗದ ಸದ್ದು ನಿಂತಿತು. ಈರಪ್ಪ ಲಾಳಿ ಹಿಡಿದುಕೊಂಡೇ ಒಳಗೆ ಬಂದ. ಮಗಳನ್ನು ನೋಡಿದ, ನನ್ನನ್ನು ನೋಡಿದ. "ಏನದು?"

ದಿನಾ 'ಕಾಕಾ' ಎನ್ನುತ್ತಿದ್ದ ನನ್ನ ಬಾಯಿಂದ ಬೇರೆಯೇ ಮಾತು ಬಂದುಬಿಟ್ಟಿತು.

"ಮಾವಾ..."

ಈರಪ್ಪ ಕರಪತ್ರ ಇಸಿದುಕೊಂಡು ಬಹಳ ಹೊತ್ತು ನೋಡಿದ.

"ಮೊದ್ಲ ನಿಮ್ಮ ಹಿರ್ಯಾರನ್ನ ಕರಕೊಂಡ ಬಾ" ಎಂದ. "ಮಾವಾ ಅನ್ನೂದು ಆಮ್ಯಾಲೆ."