ಡಬ್ಬಿಗಾಡಿಯ ಮೂರನೇ ಕೀ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕನ್ನಡಕದಂಗಡಿಯ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಒಂದು ಕೈಯಲ್ಲಿ ಏಳು ವರ್ಷದ ಮಗ, ಇನ್ನೊಂದರಲ್ಲಿ ನಾಲ್ಕು ವರ್ಷದ ಮಗಳು, ಇಬ್ಬರ ಬೆನ್ನಲ್ಲೂ ಶಾಲೆಯ ಚೀಲ. ಶಾಲೆಯ ಗಂಟೆ ಹೊಡೆದು ಆಗಲೇ ಇಪ್ಪತ್ತು ನಿಮಿಷವಾಗಿತ್ತು.

“ನಮ್ಮ ಡಬ್ಬಿಗಾಡಿ ಕಳುವಾಗಿದೆ ಸಾರ್.”

“ಡಬ್ಬಿಗಾಡಿ ಅಂದ್ರೆ?” ಇನ್ಸ್‌ಪೆಕ್ಟರ್ ಕೇಳಿದ.

ಮಗ ತಾಯಿಗಿಂತ ಮೊದಲೇ ಬಾಯಿಬಿಟ್ಟ. “ಕಾರ್ಗೊ ಸೈಕಲ್ಲು. ಮುಂದೆ ದೊಡ್ಡ ಮರದ ಡಬ್ಬಿ, ಅದರೊಳಗೆ ನಾವು. ಬ್ಯಾಟರಿನೂ ಇದೆ.”

ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಶಾಲೆ ಊರಿನ ಒಂದು ತುದಿ, ಅಂಗಡಿ ಇನ್ನೊಂದು ತುದಿ. ಹಳೇ ಕಾರು ಮಾರಿ ಆ ಗಾಡಿ ಕೊಂಡಿದ್ದರು. ಕೊಂಡ ದಿನವೇ ವಿಮೆಯನ್ನೂ ಮಾಡಿಸಿದ್ದರು. ಅದಿಲ್ಲದೆ ಅವಳ ಬೆಳಗೇ ಸಾಗುವುದಿಲ್ಲ. ಭಾನುವಾರ ಮಧ್ಯಾಹ್ನ ಎರಡಕ್ಕೆ ಬೀಗ ಹಾಕಿದ್ದು ನೆನಪಿದೆ, ಆಮೇಲೆ ನೋಡಿಲ್ಲ ಎಂದಳು. ಒಂಬತ್ತೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ವಠಾರದ ಹಿಂದೆ ತಗಡಿನ ಶೆಡ್ಡು. ಗೋಡೆಯ ಕಬ್ಬಿಣದ ಬಳೆಯಿಂದ ಸರಪಳಿ ನೇತಾಡುತ್ತಿತ್ತು, ಬೀಗ ತೆರೆದಿತ್ತು. ಕತ್ತರಿಸಿದ ಗುರುತಿಲ್ಲ. ಕೆಳಗೆ ಗಾಡಿಗೆ ಆಮೇಲೆ ಹಾಕಿಸಿದ ಸಾಮಾನೆಲ್ಲ ಒಪ್ಪವಾಗಿ ಕೂತಿತ್ತು: ಮಗಳಿಗೆಂದು ಸೇರಿಸಿದ ಎರಡನೇ ಬೆಂಚು, ಸೊಂಟದ ಬೆಲ್ಟುಗಳು, ಮಡಚಿಟ್ಟ ಮಳೆಹೊದಿಕೆ, ಮೇಲೆ ಒಂದು ಹಳದಿ ಬೆಲ್ಲು.

“ಮೂಗಿಗಿಂತ ಮೂಗುತಿ ಭಾರ ಆಯ್ತು ಅಂತ ಬಿಟ್ಟುಹೋದ್ನೇನೋ,” ಎಂದ ದಫೇದಾರ. ಮಕ್ಕಳು ನಕ್ಕರು.

ಇನ್ಸ್‌ಪೆಕ್ಟರ್ ನಗಲಿಲ್ಲ. ಮಹಿಳಾ ಪೇದೆ ಒಂದೊಂದಾಗಿ ಪಟ್ಟಿ ಮಾಡಿದಳು. ‘ಬೆಂಚಿನ ನಾಲ್ಕೂ ಬೋಲ್ಟ್‌ಗಳು ವಾಷರ್, ನಟ್ಟುಗಳ ಸಮೇತ ಆಯಾ ತೂತಿಗೇ ತಿರುಗಿಸಿಟ್ಟಂತಿವೆ’ ಎಂದೂ ಬರೆದಳು. ಇನ್ಸ್‌ಪೆಕ್ಟರ್ ಆ ಸಾಲನ್ನು ಓದದೆಯೇ ಸಹಿ ಹಾಕಿದ.

ಬುಧವಾರ ವಿಮೆಯವರ ಕಡೆಯಿಂದ ಒಬ್ಬ ಬಂದ. ಹೆಂಗಸು ಒಪ್ಪಿಸಿದ್ದ ಎರಡು ಕೀಗಳನ್ನು ಮೇಜಿನ ಮೇಲಿಟ್ಟ. “ಈ ಬೀಗದ ಜೊತೆ ಮೂರು ಕೀ ಬರುತ್ತೆ ಸಾರ್. ಎಲ್ಲಾ ಕೀ ಒಪ್ಪಿಸಬೇಕು ಅನ್ನೋದು ಷರತ್ತು. ಬೀಗ ಒಡೆದಿಲ್ಲ, ಮೂರನೇ ಕೀ ಇಲ್ಲ, ಬೆಲೆಬಾಳೋ ಸಾಮಾನೆಲ್ಲ ಮನೆಯಲ್ಲೇ ಉಳಿದಿದೆ. ನೀವೇ ಯೋಚನೆ ಮಾಡಿ.”

ಇನ್ಸ್‌ಪೆಕ್ಟರ್ ಯೋಚನೆ ಮಾಡಿದ, ತಪ್ಪು ದಿಕ್ಕಿನಲ್ಲಿ. ಗುರುವಾರ ಮೂರು ಗಂಟೆಗೆ ಅವಳನ್ನು ಕರೆಸಿದ.

“ಮೂರನೇ ಕೀ ಎಲ್ಲಿ?”

“ನನಗೆ ಕೊಟ್ಟಿದ್ದು ಎರಡೇ ಸಾರ್.”

“ಬೀಗ ಯಾರ ಹತ್ರ ತಗೊಂಡ್ರಿ?”

“ಸೈಕಲ್ ಅಂಗಡಿ ಅಣ್ಣನ ಹತ್ರ. ಬೆಂಚು, ಬೆಲ್ಲು ಹಾಕಿದ್ದೂ ಅವರೇ. ಅವರನ್ನೇನು ಕೇಳ್ತೀರಿ, ಮನೆಯವರ ಹಾಗೆ ಇದಾರೆ.”

“ಹಾಗಾದ್ರೆ ಗಾಡಿ ರೆಕ್ಕೆ ಕಟ್ಕೊಂಡು ಹಾರಿಹೋಯ್ತಾ? ಮಕ್ಕಳ ತಾಯಿ ಅಂತ ನೋಡ್ತಿದೀನಿ. ಸುಳ್ಳು ದೂರಿಗೆ ಜೈಲಿದೆ, ಗೊತ್ತಾ?”

ಅವಳು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಇನ್ಸ್‌ಪೆಕ್ಟರನೂ ಚಿಕ್ಕಂದಿನಲ್ಲಿ ಕಲಿತವನೇ. ಕಲಿತದ್ದು ಕೆಲಸಕ್ಕೆ ಬರಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಹಿಳಾ ಪೇದೆ ಪಂಚನಾಮೆ ಹಿಡಿದು ಎದುರು ನಿಂತಳು. “ಸರ್, ಈ ಬೋಲ್ಟಿನ ಸಾಲು ಓದಿ. ನಮ್ಮಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡೋರು. ಬಿಚ್ಚಿದ ಬೋಲ್ಟು ಅದರದೇ ತೂತಿಗೆ ಹೋಗ್ಬೇಕು, ಇಲ್ದಿದ್ರೆ ನಮಗೆ ಬೈಗುಳ. ಕಳ್ಳನಿಗೆ ಈ ಅಭ್ಯಾಸ ಇರಲ್ಲ, ಆ ಅಮ್ಮನಿಗೂ ಇರಲ್ಲ. ಇದು ಮೆಕ್ಯಾನಿಕ್ ಕೈ.”

ಮಧ್ಯಾಹ್ನ ಮೂರಕ್ಕೆ ಇಬ್ಬರೂ ಸೈಕಲ್ ಅಂಗಡಿಗೆ ಹೋದರು. ಅರವತ್ತರ ಹತ್ತಿರದ ಮೆಕ್ಯಾನಿಕ್ಕು ಎಣ್ಣೆಕೈ ಒರೆಸುತ್ತ ಎದ್ದ. ಗೋಡೆಯ ಹಲಗೆಗೆ ಸಾಲು ಮೊಳೆ, ಒಂದೊಂದರಲ್ಲೂ ಹೆಸರುಚೀಟಿ ಕಟ್ಟಿದ ಒಂದೊಂದು ಕೀ.

“ಏನಿದು?”

“ಗಿರಾಕಿಗಳು ಕೀ ಕಳ್ಕೊಂಡು ಬರ್ತಾರೆ ಸಾರ್. ಅದಕ್ಕೇ ಒಂದೊಂದು ನಾನೇ ಇಟ್ಕೊಂಡಿರ್ತೀನಿ.”

“ಅವರಿಗೆ ಗೊತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕಣ್ಣು ಹಲಗೆಯ ಮೂಲೆಗೆ ಹೋಯಿತು. ಆ ಮೊಳೆ ಖಾಲಿ. ಪೇದೆ ಒಳಕೋಣೆಯ ಪರದೆ ಸರಿಸಿದಳು. ಹಳೇ ಹೊದಿಕೆಯ ಕೆಳಗೆ ಡಬ್ಬಿಗಾಡಿ ನಿಂತಿತ್ತು.

“ಮಾರೋಕಾ?”

“ಅಯ್ಯೋ, ಇಲ್ಲ ಸಾರ್.” ಅವನು ಕೂತುಬಿಟ್ಟ. “ಆ ಪುಟ್ಟಿಗೆ ಬೆಂಚು ಹಾಕೋಕೆ ಫ್ರೇಮ್ ಕೊಳವೆ ಕೊರೆದೆ. ಕೊರೀಬೇಡಿ ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇತ್ತಂತೆ. ಮೂವತ್ತು ವರ್ಷದ ಕೈ, ಪುಸ್ತಕ ಯಾಕೆ ಅಂತ ಓದಲಿಲ್ಲ. ಹೋದ ವಾರ ಇನ್ನೊಂದು ಗಾಡಿ ಬಂತು, ನಾನೇ ಕೊರೆದಿದ್ದು. ತೂತಿನ ಹತ್ರ ಬಾಯಿ ಬಿಟ್ಟಿತ್ತು. ಅವತ್ತಿಂದ ನಿದ್ದೆ ಇಲ್ಲ.”

“ಇನ್ನೆಷ್ಟು ಗಾಡಿಗೆ ಕೊರೆದಿದೀರಿ?”

“ಈ ಎರಡಕ್ಕೇ. ದೇವರಾಣೆ.”

“ಅವರಿಗೆ ಹೇಳಬಹುದಿತ್ತಲ್ಲ?”

“ಹೇಳೋಕೆ ಎರಡು ಸಲ ಅವರ ಬಾಗಿಲ ತನಕ ಹೋದೆ. ಮಕ್ಕಳು ಬೆಲ್ ಮಾಮ ಅಂತ ಓಡಿ ಬಂದ್ವು, ಬಾಯಿ ಬರಲಿಲ್ಲ. ಕಳುವಾದ್ರೆ ವಿಮೆಯವರು ಹೊಸದು ಕೊಡ್ತಾರೆ, ಬೆಂಚು ಬೆಲ್ಲು ಅದಕ್ಕೂ ಆಗುತ್ತೆ ಅಂತ ಬಿಚ್ಚಿಟ್ಟು ಬಂದೆ. ಅವರ ಮೇಲೇ ಅನುಮಾನ ಬರುತ್ತೆ ಅಂತ ಹೊಳೀಲಿಲ್ಲ ಸಾರ್.”

ಸಂಜೆ ನಾಲ್ಕೂ ಕಾಲಿಗೆ ಬಂಧನ. ಗಾಡಿ ಗುರುತಿಸಲು ಕರೆಸಿದ್ದ ಹೆಂಗಸು ಅಂಗಡಿಯ ಬಾಗಿಲಲ್ಲೇ ನಿಂತಳು. ಇನ್ಸ್‌ಪೆಕ್ಟರ್ ಬೆಂಚಿದ್ದ ಜಾಗದಲ್ಲಿ ಅಳತೆಪಟ್ಟಿ ಇಟ್ಟ. ತೂತಿನ ಎರಡೂ ಕಡೆ ಬಿರುಕು, ಒಟ್ಟು ಏಳು ಸೆಂಟಿಮೀಟರ್.

“ಭಾನುವಾರ ನಾನೊಬ್ಬನೇ ತುಳ್ಕೊಂಡು ಬಂದೆ,” ಮೆಕ್ಯಾನಿಕ್ಕು ನೆಲ ನೋಡುತ್ತ ಹೇಳಿದ. “ಕೊನೇ ತಿರುವಿನಲ್ಲಿ ಕೊಳವೆ ಕಟ್ ಅಂತ ಸದ್ದು ಮಾಡ್ತು.”

ಸೋಮವಾರ ಬೆಳಿಗ್ಗೆ ಆ ಡಬ್ಬಿಯಲ್ಲಿ ಯಾರು ಕೂರಬೇಕಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಹೊಳೆಯಿತು. ಹೆಂಗಸು ಮೆಕ್ಯಾನಿಕ್ಕಿನ ಮುಂದೆ ಬಂದು ನಿಂತಳು.

“ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಣ್ಣ. ಬೈದು, ಅತ್ತು, ಸುಮ್ಮನಾಗ್ತಿದ್ದೆ.”

“ಹೊಸ ಗಾಡಿಗೆ ಬೆಂಚು ಹಾಕೋರಿಗೆ ಹೇಳಮ್ಮ, ಕೊರೆಯೋದು ಬೇಡ, ಪಟ್ಟಿ ಸುತ್ತಿ ಬಿಗೀಲಿ.” ಅಷ್ಟು ಹೇಳಿ ಅವನು ತಾನೇ ಜೀಪು ಹತ್ತಿದ.

ಆರು ಗಂಟೆಗೆ ಇನ್ಸ್‌ಪೆಕ್ಟರ್ ವರದಿ ಮುಗಿಸಿದ. ‘ಆರೋಪಿ ಲಾಭಕ್ಕಾಗಿ ಕದ್ದಿಲ್ಲ. ತಪ್ಪಾಯಿತು ಎನ್ನಲು ನಾಚಿ ಕದ್ದಿದ್ದಾನೆ.’ ಬರೆದದ್ದನ್ನು ಈ ಸಲ ಓದಿದ, ಎರಡು ಸಲ ಓದಿದ. ಹೊರಗಿನ ಬೆಂಚಿನಲ್ಲಿ ಆ ಹೆಂಗಸು ಹೇಳಿಕೆಗೆ ಸಹಿ ಹಾಕಲು ಇನ್ನೂ ಕಾಯುತ್ತಿದ್ದಳು. ಗುರುವಾರದ ತನ್ನ ಮಾತಿಗೆ ಅವನು ಅವಳಿಗೆ ಏನನ್ನೂ ಹೇಳಿರಲಿಲ್ಲ. ಟೋಪಿಯನ್ನು ಮೇಜಿನ ಮೇಲಿಟ್ಟು ಬರಿತಲೆಯಲ್ಲೇ ಎದ್ದುಹೋಗಿ ಅವಳ ಮುಂದೆ ನಿಂತ.

“ತಪ್ಪಾಯ್ತಮ್ಮ,” ಎಂದ.