ಮುತ್ತಬ್ಬೆಯ ಮೂವತ್ತು ಪುಟ

ಬಹಳ ಕಾಲದ ಹಿಂದೆ, ಏಳು ಹೊಳೆಗಳಾಚೆ, ಹೊನ್ನಾವಳಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕತೆಯ ಪುಸ್ತಕ ತೆರೆದರೆ ಸಾಕು, ಒಳಗಿನ ಜನ ಹೆಬ್ಬೆರಳಿನಷ್ಟೆತ್ತರ ಎದ್ದು ನಿಂತು ಮಾತಾಡುತ್ತಿದ್ದರು, ಕುದುರೆ ಓಡಿಸುತ್ತಿದ್ದರು, ಯುದ್ಧ ಮಾಡುತ್ತಿದ್ದರು. ಪುಸ್ತಕ ಮುಚ್ಚಿದರೆ ಮಲಗಿಬಿಡುತ್ತಿದ್ದರು.

ಅಲ್ಲಿ ಚಾಗಲೆ ಎಂಬ ಹುಡುಗಿ ಇದ್ದಳು. ಕೆರೆಯ ಏರಿಯ ಮೇಲೆ ಕೂತು ಹಗ್ಗ ಹೊಸೆಯುವುದು ಅವಳ ಕಸುಬು. ಕಥೆಗಾರ ದೇಮರಸ ಬರೆದ ಕಡಲಕೋಟೆಯ ಕತೆಯನ್ನು, ಐದಕ್ಕೆ ಐದೂ ಸಂಪುಟಗಳನ್ನು, ಅವಳು ಹನ್ನೊಂದು ಸಲ ಓದಿದ್ದಳು. ಅದರಲ್ಲಿ ರಾಜಕುಮಾರನಿದ್ದ, ರಾಕ್ಷಸರಿದ್ದರು. ಆದರೆ ಚಾಗಲೆಯ ಜೀವವೆಲ್ಲ ಮುತ್ತಬ್ಬೆಯ ಮೇಲೆ. ಮುತ್ತಬ್ಬೆ ದೋಣಿ ನಡೆಸುವವಳು. ಒಂದು ಸಂಪುಟದಲ್ಲಿ ಹತ್ತು ಮಾತಾಡಿದರೆ ಹೆಚ್ಚು. ತಮ್ಮ ಸತ್ತ ದಿನವೂ ಅವಳು ಅಳಲಿಲ್ಲ. ಹುಟ್ಟನ್ನು ತೊಳೆದಿಟ್ಟು, ಮತ್ತೆ ದೋಣಿ ಬಿಚ್ಚಿದಳು.

ಹೀಗಿರಲು ದೇಮರಸ ಮುತ್ತಬ್ಬೆಯೊಬ್ಬಳದೇ ಕತೆಯ ಕಿರುಪುಸ್ತಕ ಬರೆದಿದ್ದಾನೆಂದು ಡಂಗುರ ಸಾರಿದರು. ಚಾಗಲೆ ಕುಣಿದಾಡಿಬಿಟ್ಟಳು. ಪೇಟೆಗೆ ಓಡಿ, ಪುಸ್ತಕ ತಂದು, ಕೈ ತೊಳೆದು ಬಂದು ತೆರೆದಳು.

ಮುತ್ತಬ್ಬೆ ಎದ್ದು ನಿಂತಳು. ಮೊಣಕೈವರೆಗೆ ಬಳೆ. ಕಿಲಕಿಲ ನಗು. ಎಲ್ಲರಿಗೂ ಗೊತ್ತಿದ್ದ ಹಳೆಯ ಸಂಗತಿಗಳನ್ನೇ ಹತ್ತು ಪುಟ ಹೇಳಿದಳು. ರಾಜಕುಮಾರ ತನ್ನತ್ತ ನೋಡಲಿಲ್ಲವೆಂದು ಹತ್ತು ಪುಟ ಅತ್ತಳು. ಉಳಿದ ಹತ್ತು ಪುಟ ಸೀರೆ ಆರಿಸಿದಳು. ಅಲ್ಲಿಗೆ ಕತೆ ಮುಗಿಯಿತು.

"ಇವಳು ನಮ್ಮ ಮುತ್ತಬ್ಬೆ ಅಲ್ಲ," ಅಂದಳು ಚಾಗಲೆ.

"ಸಣ್ಣ ಪುಸ್ತಕ ತಾನೇ, ಹೋಗಲಿ ಬಿಡೇ," ಎಂದಳು ಪಕ್ಕದಲ್ಲಿ ನಾರು ಬಡಿಯುತ್ತಿದ್ದ ಅವಳ ಅತ್ತೆ ಪದುಮಲೆ. "ದೊಡ್ಡವು ಐದು ಇವೆಯಲ್ಲ!"

ಚಾಗಲೆ ಮೂರನೆಯ ಸಂಪುಟ ತೆರೆದಳು. ಪ್ರವಾಹದ ನಡುವೆ ದೋಣಿ ಗಿರಗಿರ ತಿರುಗುತ್ತಿತ್ತು. ಮುತ್ತಬ್ಬೆ ಹುಟ್ಟು ಬಿಟ್ಟು ಬಳೆ ಎಣಿಸುತ್ತಿದ್ದಳು. ರಾಜಕುಮಾರ ನೀರಿಗೆ ಬಿದ್ದು ಕೈ ಬಡಿಯುತ್ತಿದ್ದ. ಕಿರುಪುಸ್ತಕದ ಕೆಡುಕು ದೊಡ್ಡ ಪುಸ್ತಕಗಳಿಗೂ ಹಬ್ಬುತ್ತಿತ್ತು!

"ಅತ್ತೆ, ನಾನು ದೇಮರಸನನ್ನೇ ಕೇಳಿ ಬರುತ್ತೇನೆ," ಎಂದು ಚಾಗಲೆ ಹೊರಟೇಬಿಟ್ಟಳು.

ದೇಮರಸನ ಮನೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಸಿಂಹದ ಮೋರೆಯ ನಾಯಿ ಕೂತಿತ್ತು. "ಹೊಸ ಪುಸ್ತಕವನ್ನು ಹೊಗಳು, ಬಿಡುತ್ತೇನೆ. ಹೊಗಳದಿದ್ದರೆ ನುಂಗುತ್ತೇನೆ," ಎಂದಿತು.

ಚಾಗಲೆ ಯೋಚಿಸಿದಳು. "ಹೊಲಿಗೆ ಬಹಳ ಗಟ್ಟಿಯಾಗಿದೆ. ಎಳೆದರೂ ಹಾಳೆ ಕಿತ್ತು ಬರುವುದಿಲ್ಲ," ಎಂದಳು. ಅದು ನಿಜವೂ ಆಗಿತ್ತು, ಹೊಗಳಿಕೆಯೂ ಆಗಿತ್ತು. ನಾಯಿ ಗೊಣಗುತ್ತ ದಾರಿ ಬಿಟ್ಟಿತು.

ಎರಡನೆಯ ಬಾಗಿಲಿಗೆ ಹೆಬ್ಬಾವೊಂದು ಸುತ್ತಿಕೊಂಡಿತ್ತು. "ಹೊಲಿಗೆ ಗಿಲಿಗೆ ಬೇಡ. ಕತೆಯನ್ನೇ ಹೊಗಳು," ಎಂದಿತು.

"ಹೊಗಳುವಂಥ ಕತೆ ಬೇರೆ ಇದೆ, ಕೇಳು," ಎಂದು ಚಾಗಲೆ ಪ್ರವಾಹದ ರಾತ್ರಿ ಮುತ್ತಬ್ಬೆ ಏಳು ಮಕ್ಕಳನ್ನು ದಡ ಮುಟ್ಟಿಸಿದ ಕತೆಯನ್ನು ಮೊದಲಿದ್ದಂತೆಯೇ ಹೇಳತೊಡಗಿದಳು. ಹಾವು "ಆಮೇಲೆ?" ಅಂದಿತು. ಒಂದು ಸುತ್ತು ಸಡಿಲವಾಯಿತು. "ಆಮೇಲೆ?" ಅಂದಿತು. ಇನ್ನೊಂದು ಸುತ್ತು ಸಡಿಲವಾಯಿತು. ಏಳನೆಯ ಮಗು ದಡ ಸೇರುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಮೂರನೆಯ ಬಾಗಿಲಲ್ಲಿ ಮನುಷ್ಯನ ಮುಖದ ಗೂಬೆ ಕೂತಿತ್ತು. ಅವನೇ ಮಾಯಾವಿ ಘೂಕಾಕ್ಷ. ಸುಳ್ಳು ಹೊಗಳಿಕೆಯೇ ಅವನ ಆಹಾರ.

"ಒಂದೇ ಒಂದು ಮಾತು," ಎಂದು ಅವನು ಮೆಲ್ಲಗೆ ನುಡಿದ. "'ಚೆನ್ನಾಗಿದೆ' ಅನ್ನು. ನಿನ್ನ ಹಳೆಯ ಮುತ್ತಬ್ಬೆ ಆಳೆತ್ತರ ಬೆಳೆದು ನಿನ್ನ ಮನೆಗೆ ಬರುತ್ತಾಳೆ. ಬದುಕಿರುವ ತನಕ ನಿನ್ನ ಜತೆಗಿರುತ್ತಾಳೆ."

ಚಾಗಲೆಯ ಕಣ್ಣು ತುಂಬಿ ಬಂತು. ಮುತ್ತಬ್ಬೆ ತನ್ನ ಪಕ್ಕ ಏರಿಯ ಮೇಲೆ ಕೂತಂತೆ ಕಂಡಿತು. ಆದರೆ ಕಡಲಕೋಟೆಯ ಹೊಳೆ ದಾಟಿಸುವವರು ಯಾರು?

"ಚೆನ್ನಾಗಿಲ್ಲ," ಎಂದಳು ಚಾಗಲೆ.

ಆ ಮನೆಯಲ್ಲಿ ಯಾರೂ ಆಡದ ಮಾತದು. ಗೂಬೆ ತತ್ತರಿಸಿ ನೆಲಕ್ಕುರುಳಿತು. ಅವಳು ಅದನ್ನು ದಾಟಿ ಒಳಗೆ ಹೋದಳು.

ದೇಮರಸ ಬರೆಯುವ ಮಣೆಯ ಮುಂದೆ ಬಾಗಿ ಕೂತಿದ್ದ. ಅವನ ಮುಷ್ಟಿಯಲ್ಲಿ ಗೂಬೆಯ ಗರಿಯೊಂದು ತಾನಾಗಿಯೇ ಬರೆಯುತ್ತಿತ್ತು.

"ಯಾರು ನೀನು?" ಎಂದ.

"ಹಗ್ಗ ಹೊಸೆಯುವವಳು. ನಿಮ್ಮ ಐದು ಸಂಪುಟಗಳನ್ನು ಹನ್ನೊಂದು ಸಲ ಓದಿದವಳು. ಆರನೆಯದು ಕೆಟ್ಟದಾಗಿದೆ."

"ಮಹಾರಾಜರೇ ಮೆಚ್ಚಿದ್ದಾರೆ!" ಎಂದು ದೇಮರಸ ಗುಡುಗಿದ. "ಇಪ್ಪತ್ತು ವರ್ಷ ಬರೆದವನು ನಾನು!"

"ಅದಕ್ಕೇ ನಿಮ್ಮನ್ನು ಕೇಳಲು ಬಂದೆ. ಸ್ವಾಮಿ, ಒಡಹುಟ್ಟಿದ ತಮ್ಮ ಸತ್ತಾಗ ಅಳದವಳು ರಾಜಕುಮಾರ ನೋಡಲಿಲ್ಲವೆಂದು ಅಳುತ್ತಾಳೆಯೇ? ನೀವೇ ಹೇಳಿ."

ದೇಮರಸ ಗರಿ ಬರೆಯುತ್ತಿದ್ದ ಹಾಳೆಯನ್ನು ಓದಿ ನೋಡಿದ.

"ಅಳುವುದಿಲ್ಲ," ಎಂದ ಕೊನೆಗೆ. "ದಣಿದಿದ್ದೆ, ತಾಯಿ. ಜನ ಇನ್ನೂ ಬೇಕು ಅಂದರು. ತಾನೇ ಬರೆಯುತ್ತದೆಂದು ಘೂಕಾಕ್ಷ ಈ ಗರಿ ಕೊಟ್ಟ. ಹಿಡಿದುಕೊಂಡೆ. ಹಿಡಿದ ಕೈ ಬಿಡಲಾಗಲಿಲ್ಲ."

"ಈಗ ಬಿಡಿ."

ಅವನು ಬೆರಳು ಬಿಡಿಸಿದ. ನಿಜ ಒಪ್ಪಿಕೊಂಡ ಕೈಯಲ್ಲಿ ಮಾಯೆ ನಿಲ್ಲಲಿಲ್ಲ. ಗರಿಯನ್ನು ಅವನೇ ಲಟಕ್ಕನೆ ಮುರಿದ. ಹೊರಗೆ ಘೂಕಾಕ್ಷ ಒಂದು ಹಿಡಿ ಬೂದಿಯಾಗಿ ಹಾರಿಹೋದ. ನಾಯಿ ಬರೀ ನಾಯಿಯಾಯಿತು, ಹೆಬ್ಬಾವು ಹಿತ್ತಲ ಬಿದಿರು ಹೊಕ್ಕಿತು. ರಾಜ್ಯದ ಮನೆಮನೆಯಲ್ಲೂ ಆ ಮೂವತ್ತು ಪುಟಗಳು ಬಿಳಿಯ ಹಾಳೆಗಳಾದವು. ಮೂರನೆಯ ಸಂಪುಟದಲ್ಲಿ ಮುತ್ತಬ್ಬೆ ಬಗ್ಗಿ ರಾಜಕುಮಾರನ ಜುಟ್ಟು ಹಿಡಿದು ದೋಣಿಯೊಳಗೆ ಎಳೆದು ಹಾಕಿದಳು. ಒಂದು ಮಾತೂ ಆಡಲಿಲ್ಲ.

ದೇಮರಸ ಒಂದು ವರ್ಷ ಮಲಗಿದ, ನಡೆದಾಡಿದ, ಮಾವು ತಿಂದ. ಆಮೇಲೆ ತನ್ನದೇ ಲೇಖನಿಯಲ್ಲಿ ಹೊಸ ಕಿರುಪುಸ್ತಕ ಬರೆದು ಮೊದಲು ಚಾಗಲೆಗೇ ಕಳಿಸಿದ. ಅವಳು ಎರಡು ತಪ್ಪು ಹುಡುಕಿದಳು. ಒಂದನ್ನು ಅವನು ತಿದ್ದಿದ. ಇನ್ನೊಂದಕ್ಕಾಗಿ ಇಬ್ಬರೂ ಕೆರೆಯ ಏರಿಯ ಮೇಲೆ ಇಡೀ ಮಧ್ಯಾಹ್ನ ಜಗಳವಾಡಿದರು, ಪದುಮಲೆ ಇಬ್ಬರಿಗೂ ಮಜ್ಜಿಗೆ ಕೊಟ್ಟಳು, ಹೊನ್ನಾವಳಿಯ ಜನರೆಲ್ಲ ಓದಿಕೊಂಡು ಸುಖವಾಗಿ ಬಾಳಿದರು.